ಬಚ್ಚಲಮನೆಯ ವಿಜ್ಞಾನ: ಬಂಬದಿಂದ ಸೋಲಾರ್‌ವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಆಡ್ರಿ, ಹುಡುಗರಿಗೆ ಉಪಯೋಗ ಆಗತೈತಿ" ಎಂದರು. ನಾನು ಒಪ್ಪಿಕೊಂಡೆ. ಆಮೇಲೆ ಯೋಚಿಸಿದಾಗ, ಈ ಊರಿನಲ್ಲಿ ನಿಂತು ಹೇಳಲೇಬೇಕಾದ ಮಾತು ಬೇರೆ ಇದೆ ಅನ್ನಿಸಿತು. ಅದು ಸ್ನಾನದ ಬಿಸಿನೀರಿನ ಮಾತು. ನಗಬೇಡಿರಿ. ದಿನಾ ಬೆಳಿಗ್ಗೆ ನಾವೆಲ್ಲ ಬಳಸುವ ಈ ವ್ಯವಸ್ಥೆಯಲ್ಲಿ ನೀರು, ಬೆಂಕಿ ಮತ್ತು ಕರೆಂಟು ಮೂರೂ ಒಂದೇ ಸಣ್ಣ ಕೋಣೆಯಲ್ಲಿ ಕೂಡುತ್ತವೆ. ಅದರ ಭಾಗಗಳು ಯಾವುವು, ಯಾವುದು ಯಾತಕ್ಕೆ ಇದೆ ಎಂಬುದು ನಮ್ಮ ಮನೆಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅದು ನನಗೆ ಹೆಮ್ಮೆ ತರುವ ಕಥೆಯಲ್ಲ.

ಬಂಬದ ಪಾಠ

ಮೊದಲು ಬಂಬದಿಂದ ಶುರು ಮಾಡೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಿರಿಯರಿಗೆ ಬಂಬ ಎಂದರೆ ವಿವರಿಸಬೇಕಾಗಿಲ್ಲ. ಮರಾಠಿಯಲ್ಲೂ ಅದೇ ಹೆಸರು. ಅಲ್ಲಿ ಬೆಂಕಿ ಆರಿಸುವ ಗಾಡಿಗೂ ಬಂಬ ಎನ್ನುತ್ತಾರೆ. ಮಕ್ಕಳಲ್ಲಿ ಎಷ್ಟು ಜನ ಬಂಬ ನೋಡಿದ್ದೀರಿ, ಕೈ ಎತ್ತಿರಿ. ಹತ್ತು ಹನ್ನೆರಡು ಕೈ ಮಾತ್ರ ಕಾಣುತ್ತಿವೆ. ಉಳಿದವರಿಗಾಗಿ ಹೇಳುತ್ತೇನೆ.

ಬಂಬ ಎಂದರೆ ತಾಮ್ರದ ಉದ್ದನೆಯ ಪಾತ್ರೆ. ಅದರ ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಕೊಳವೆ. ಕೊಳವೆಯ ಬುಡದಲ್ಲಿ ಜಾಳಿಗೆ, ಜಾಳಿಗೆಯ ಕೆಳಗೆ ಬೂದಿ ಬೀಳುವ ಜಾಗ. ಮೇಲಿನಿಂದ ಕಟ್ಟಿಗೆ ಚೂರು, ಗೋವಿನಜೋಳದ ದಿಂಡು, ಕುಳ್ಳು ಹಾಕಿ ಉರಿ ಹಚ್ಚಿದರೆ ಬೆಂಕಿ ನಡುವಿನ ಕೊಳವೆಯಲ್ಲಿ ಉರಿಯುತ್ತದೆ, ನೀರು ಅದರ ಸುತ್ತ ನಿಂತಿರುತ್ತದೆ. ಬಚ್ಚಲ ಒಲೆಯ ಮೇಲೆ ಹಂಡೆ ಇಟ್ಟಾಗ ಬೆಂಕಿ ಹಂಡೆಯ ತಳಕ್ಕೆ ಮಾತ್ರ ತಾಗುತ್ತದೆ. ಬಹಳಷ್ಟು ಶಾಖ ಪಕ್ಕದಿಂದ ಹೊರಗೆ ಹೋಗಿ ಗೋಡೆ ಕಪ್ಪಾಗುತ್ತದೆ. ಬಂಬದಲ್ಲಿ ಬೆಂಕಿಯನ್ನು ನೀರೇ ನಾಲ್ಕೂ ಕಡೆಯಿಂದ ಅಪ್ಪಿಕೊಂಡಿರುತ್ತದೆ. ಅದಕ್ಕೇ ಕಡಿಮೆ ಕಟ್ಟಿಗೆಯಲ್ಲಿ ಬೇಗ ಕಾಯುತ್ತದೆ. ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಗಳ ದೊಡ್ಡ ಬಾಯ್ಲರ್‌ನಲ್ಲೂ ಲೆಕ್ಕ ಇದೇ: ಬೆಂಕಿ ಮತ್ತು ನೀರಿನ ನಡುವೆ ಲೋಹದ ಮೈ ಎಷ್ಟು ಹೆಚ್ಚು ಇದ್ದರೆ ಶಾಖ ಅಷ್ಟು ಹೆಚ್ಚು ನೀರಿಗೆ ಸೇರುತ್ತದೆ. ಅಲ್ಲಿ ಉರುವಲು ಕಬ್ಬಿನ ಸಿಪ್ಪೆ, ಇಲ್ಲಿ ಗೋವಿನಜೋಳದ ದಿಂಡು.

ನಮ್ಮ ಮನೆಯ ಬಂಬಕ್ಕೆ ನಲ್ಲಿ ಇರಲಿಲ್ಲ. ಮೇಲೆ ಒಂದು ಕಡೆ ತಣ್ಣೀರು ಹಾಕುವ ಬಾಯಿ, ಇನ್ನೊಂದು ಕಡೆ ಬಿಸಿನೀರು ಬೀಳುವ ಮೂತಿ. ಅವ್ವ ಒಂದು ತಂಬಿಗೆ ತಣ್ಣೀರು ಹಾಕಿದರೆ ಮೂತಿಯಿಂದ ಒಂದು ತಂಬಿಗೆ ಬಿಸಿನೀರು ಬೀಳುತ್ತಿತ್ತು. ಹಾಕಿದ್ದು ತಣ್ಣೀರು, ಬಂದದ್ದು ಬಿಸಿನೀರು. ಸಣ್ಣವನಿದ್ದಾಗ ಅದು ನನಗೆ ದೊಡ್ಡ ಜಾದೂ. ಒಳಗಿನ ಗುಟ್ಟು ಇಷ್ಟೆ: ತಣ್ಣೀರಿನ ಬಾಯಿಯಿಂದ ಒಂದು ನಳಿಕೆ ಪಾತ್ರೆಯ ತಳದವರೆಗೆ ಇಳಿದಿರುತ್ತದೆ. ತಣ್ಣೀರು ಭಾರ, ತಳದಲ್ಲೇ ಉಳಿಯುತ್ತದೆ. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ. ಕೆಳಗೆ ಬಂದ ತಣ್ಣೀರು ಮೇಲಿನ ಬಿಸಿನೀರನ್ನು ತಳ್ಳುತ್ತದೆ.

ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಗುರುಗಳು ಗಾಜಿನ ಬುರುಡೆಯಲ್ಲಿ ನೀರು ತುಂಬಿ, ತಳದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳು ಬಿಟ್ಟು, ಕೆಳಗೆ ಸ್ಪಿರಿಟ್ ದೀಪ ಹಚ್ಚಿದ್ದರು. ನೇರಳೆ ಬಣ್ಣದ ಎಳೆಯೊಂದು ನಡುವಿನಿಂದ ಮೇಲೇರಿ, ಪಕ್ಕದಿಂದ ಕೆಳಗಿಳಿದು ಮತ್ತೆ ಮೇಲೇರಿತು. "ಇದಕ್ಕೆ ಸಂವಹನ ಎನ್ನುತ್ತಾರೆ" ಎಂದು ಬರೆಸಿದರು. ನಾನು ಬರೆದುಕೊಂಡೆ, ಪರೀಕ್ಷೆಯಲ್ಲೂ ಬರೆದೆ, ಅಂಕ ಬಂತು. ಆದರೆ ಅದೇ ಸಂಗತಿ ನಮ್ಮ ಬಚ್ಚಲಮನೆಯ ಬಂಬದಲ್ಲಿ ದಿನಾ ನಡೆಯುತ್ತಿದೆ ಎಂದು ಹೊಳೆಯಲಿಲ್ಲ. ತಪ್ಪು ಗುರುಗಳದ್ದಲ್ಲ. ಪುಸ್ತಕದ ಬುರುಡೆಯೇ ಬೇರೆ, ಮನೆಯ ಬಂಬವೇ ಬೇರೆ ಎಂದು ತಿಳಿದವನು ನಾನು.

ಗೀಸರ್ ಎಂದರೆ ಕರೆಂಟಿನ ಬಂಬ

ಈಗ ಗೋಡೆಗೆ ತೂಗು ಹಾಕಿದ ಗೀಸರ್‌ಗೆ ಬರೋಣ. ಅದರ ಕೆಳಗೆ ಎರಡು ಪೈಪು ಕಾಣುತ್ತವೆ. ನೀಲಿ ಗುರುತಿನದು ತಣ್ಣೀರಿನದು. ಅದು ಟ್ಯಾಂಕಿನ ತಳದಲ್ಲೇ ಬಾಯಿ ಬಿಡುತ್ತದೆ. ಕೆಂಪು ಗುರುತಿನದು ಬಿಸಿನೀರಿನದು. ಒಳಗೆ ಅದು ಟ್ಯಾಂಕಿನ ಮೇಲ್ತುದಿಯವರೆಗೆ ಹೋಗಿರುತ್ತದೆ. ತಣ್ಣೀರು ತಳಕ್ಕೆ, ಬಿಸಿನೀರು ಮೇಲಿನಿಂದ. ಅಂದರೆ ಇದು ನಮ್ಮ ಬಂಬವೇ. ಕಟ್ಟಿಗೆಯ ಜಾಗದಲ್ಲಿ ಕಾಯಿಲ್ ಬಂದಿದೆ, ಅಷ್ಟೆ.

ಆದರೆ ಬಂಬಕ್ಕೆ ಬೇಡವಾದ ಕೆಲವು ಭಾಗಗಳು ಗೀಸರ್‌ಗೆ ಬೇಕು. ಬಂಬದಲ್ಲಿ ನೀರು ಕಾದಿದೆಯೋ ಇಲ್ಲವೋ ಎಂದು ನೋಡುವವಳು ಅವ್ವ. ಕಾದರೆ ಉರಿ ಹಿಂದಕ್ಕೆ ಎಳೆಯುವವಳೂ ಅವಳೇ. ಗೀಸರ್‌ನಲ್ಲಿ ಆ ಕೆಲಸ ಥರ್ಮೋಸ್ಟಾಟ್‌ನದು. ನಿಗದಿ ಮಾಡಿದ ಬಿಸಿ ತಲುಪಿದ ಕೂಡಲೇ ಅದು ಕರೆಂಟು ಕಡಿಯುತ್ತದೆ, ನೀರು ಆರಿದರೆ ಮತ್ತೆ ಕೂಡಿಸುತ್ತದೆ. ಥರ್ಮೋಸ್ಟಾಟ್ ಕೆಟ್ಟರೆ? ಅದಕ್ಕೆ ಇನ್ನೊಂದು ಕಾವಲು ಇದೆ, ಥರ್ಮಲ್ ಕಟೌಟ್. ಅದೂ ಕೆಟ್ಟರೆ ಕೊನೆಯ ಕಾವಲು ಸೇಫ್ಟಿ ವಾಲ್ವ್. ಒಳಗೆ ಒತ್ತಡ ಏರಿದರೆ ನೀರನ್ನು ಹೊರಗೆ ಬಿಡುತ್ತದೆ. ಹೊಲಕ್ಕೆ ಮೂರು ಸುತ್ತು ಬೇಲಿ ಹಾಕಿದ ಹಾಗೆ.

ಈ ವಾಲ್ವ್ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನೀರು ಕಾದಾಗ ಹಿಗ್ಗುತ್ತದೆ. 20 ಡಿಗ್ರಿಯ ನೀರನ್ನು 70 ಡಿಗ್ರಿಗೆ ಕಾಯಿಸಿದರೆ ನೂರಕ್ಕೆ ಸುಮಾರು 2 ಪಾಲು ಹೆಚ್ಚಾಗುತ್ತದೆ. 25 ಲೀಟರ್ ಗೀಸರ್‌ನಲ್ಲಿ ಅದು ಅರ್ಧ ಲೀಟರ್. ತಣ್ಣೀರಿನ ಪೈಪಿನಲ್ಲಿ ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಇದ್ದರೆ ಆ ಅರ್ಧ ಲೀಟರ್ ಎಲ್ಲಿಗೆ ಹೋಗಬೇಕು? ಸೇಫ್ಟಿ ವಾಲ್ವ್‌ನಿಂದ ತೊಟ್ಟಿಕ್ಕುತ್ತದೆ. ನಾವು ಏನು ಮಾಡುತ್ತೇವೆ? "ಹೊಸಾ ಗೀಸರ್ ಸೋರಾಕತ್ತೈತಿ" ಎಂದು ಅದರ ಬಾಯಿಗೆ ಡಮ್ಮಿ ಹಾಕಿಸುತ್ತೇವೆ. ಸೋರುವುದು ನಿಲ್ಲುತ್ತದೆ. ಕೊನೆಯ ಕಾವಲುಗಾರನೂ ಅಲ್ಲಿಗೆ ಮುಗಿದ. ನೀರು ಕಾಯುವಾಗ ನಾಲ್ಕು ಹನಿ ಬಿದ್ದರೆ ಅದು ರೋಗವಲ್ಲ. ಕಾಯದೇ ಇದ್ದಾಗಲೂ ಎಡೆಬಿಡದೆ ಸುರಿಯುತ್ತಿದ್ದರೆ ಮಾತ್ರ ತೋರಿಸಬೇಕು.

ನಮ್ಮ ಸುಣ್ಣದ ನೀರು

ಗೀಸರ್ ಒಳಗೆ ಕಾಣದ ಇನ್ನೊಂದು ಭಾಗ ಇದೆ, ಮೆಗ್ನೀಸಿಯಂ ಕಡ್ಡಿ. ನೀರು ಟ್ಯಾಂಕಿನ ಕಬ್ಬಿಣವನ್ನು ತಿನ್ನುವ ಬದಲು ಮೊದಲು ಈ ಕಡ್ಡಿಯನ್ನು ತಿನ್ನುತ್ತದೆ. ತಾನು ಕರಗಿ ಟ್ಯಾಂಕನ್ನು ಉಳಿಸುವುದೇ ಅದರ ಕೆಲಸ. ಕರಗಿ ಹೋದ ಮೇಲೆ ಹೊಸದು ಹಾಕಬೇಕು. ಅದನ್ನು ಬದಲಿಸಬೇಕೆಂದೇ ಗೊತ್ತಿಲ್ಲದೆ ಎಷ್ಟೋ ಗೀಸರ್‌ಗಳು ತೂತು ಬೀಳುತ್ತವೆ.

ನಮ್ಮ ಕಡೆ ಇದರ ಜೊತೆಗೆ ಸುಣ್ಣದ ಕಾಟ. ಲೋಕಾಪುರ, ಮುದ್ದಾಪುರ ಕಡೆ ನೆಲದಲ್ಲಿ ಸುಣ್ಣಕಲ್ಲು ಇದೆ; ಅದಕ್ಕೇ ಅಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು. ಭೂವಿಜ್ಞಾನಿಗಳು ಇಲ್ಲಿನ ಕಲ್ಲಿನ ಪದರುಗಳಿಗೆ ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಇಂಥ ನೆಲದಲ್ಲಿ ಇಳಿದ ಮಳೆನೀರು ಸುಣ್ಣವನ್ನು ಕರಗಿಸಿಕೊಂಡು ಬೋರ್‌ವೆಲ್ ಸೇರುತ್ತದೆ. ತಣ್ಣಗಿದ್ದಾಗ ಅದು ನೀರಿನಲ್ಲಿ ಕರಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದಾಗ ಕಲ್ಲಾಗಿ ಕೂಡುತ್ತದೆ. ಹಂಡೆಯ ಒಳಮೈಯಲ್ಲಿ, ಚಹಾದ ಪಾತ್ರೆಯಲ್ಲಿ, ಹೀಟರ್ ರಾಡ್ ಮೇಲೆ ಬಿಳಿ ಹಕ್ಕಳೆ ನೋಡಿದ್ದೀರಲ್ಲ, ಅದೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆದೀತು ಎಂಬುದು ಭಾರತೀಯ ಮಾನಕ ಸಂಸ್ಥೆಯ ಅಳತೆ. ಕೃಷ್ಣಾ, ಘಟಪ್ರಭೆಯ ಹೊಳೆನೀರು ಬಳಸುವವರಿಗೂ ಬೋರಿನ ನೀರು ಬಳಸುವವರಿಗೂ ಇಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ಕಾಯಿಲ್ ಮೇಲೆ ಹಕ್ಕಳೆ ಕಟ್ಟಿದರೆ ಶಾಖ ನೀರಿಗೆ ದಾಟುವುದಿಲ್ಲ. ಕಾಯಿಲ್ ತಾನೇ ಅತಿಯಾಗಿ ಕಾದು ಅದರ ಕವಚ ಸೀಳುತ್ತದೆ. ಸೀಳಿದ ಮೇಲೆ ಕರೆಂಟು ನೀರಿಗೆ ಇಳಿಯುತ್ತದೆ. ಸುಣ್ಣ ಮತ್ತು ಶಾಕ್ ಎಂಬ ಎರಡು ಸಂಗತಿಗೆ ಹೀಗೆ ಸಂಬಂಧ ಇದೆ. ಅವ್ವ ಬಂಬವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಹುಣಸೆಯ ಹುಳಿ ತಾಮ್ರದ ಕಿಲುಬನ್ನೂ ತೆಗೆಯುತ್ತದೆ, ಸುಣ್ಣವನ್ನೂ ಕರಗಿಸುತ್ತದೆ. ಗೀಸರ್ ಒಳಗೆ ಕೈ ಹಾಕಿ ತಿಕ್ಕಲು ಬರುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಬೇಕು.

ಲೆಕ್ಕ ಹಾಕಿ ನೋಡೋಣ

ಮಕ್ಕಳೇ, ಒಂದು ಸಣ್ಣ ಲೆಕ್ಕ. ಒಂದು ಬಕೆಟ್ 20 ಲೀಟರ್ ನೀರನ್ನು 25 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಬೇಕು. 20ನ್ನು 17ರಿಂದ ಗುಣಿಸಿದರೆ 340 ಕಿಲೋಕ್ಯಾಲರಿ. ಕರೆಂಟಿನ ಒಂದು ಯೂನಿಟ್ ಎಂದರೆ 860 ಕಿಲೋಕ್ಯಾಲರಿ. ಆದ್ದರಿಂದ ಒಬ್ಬರ ಸ್ನಾನಕ್ಕೆ ಸುಮಾರು 0.4 ಯೂನಿಟ್. ಐದು ಜನರ ಮನೆಗೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60.

ಅದೇ ಸೂರ್ಯನಿಂದ ಆದರೆ? ಬಿಸಿಲು ಚೆನ್ನಾಗಿದ್ದ ದಿನ ನಮ್ಮ ಕಡೆ ಒಂದು ಚದರ ಮೀಟರ್ ಜಾಗದ ಮೇಲೆ 5 ಯೂನಿಟ್‌ನಷ್ಟು ಶಾಖ ಬೀಳುತ್ತದೆ. 2 ಚದರ ಮೀಟರ್ ಪ್ಯಾನೆಲ್ ಇಟ್ಟು, ಬಿದ್ದದ್ದರಲ್ಲಿ ಅರ್ಧ ಹಿಡಿದರೂ 5 ಯೂನಿಟ್ ಆಯಿತು. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 4 ಯೂನಿಟ್ ಸಾಕು. ಬಿಸಿಲಿಗೆ ಬರಗಾಲವಿಲ್ಲದ ನಮ್ಮ ನಾಡಿಗೆ ಸೋಲಾರ್ ಹೊಂದುವುದು ಇದಕ್ಕೇ. ಸೋಲಾರ್ ನೀರಿನ ವ್ಯವಸ್ಥೆ ಇರುವ ಮನೆಗಳಿಗೆ ಕರೆಂಟಿನ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿಯೂ ಕರ್ನಾಟಕದಲ್ಲಿ ಬಹುಕಾಲ ನಡೆದು ಬಂದಿದೆ.

ಮಾಳಿಗೆಯ ಮೇಲಿನ ಸೋಲಾರ್

ಸೋಲಾರ್‌ನಲ್ಲಿ ಪಂಪು ಇಲ್ಲ, ಮೋಟಾರು ಇಲ್ಲ. ಕೆಳಗೆ ಓರೆಯಾಗಿ ಮಲಗಿದ ಗಾಜಿನ ನಳಿಕೆಗಳು ಇಲ್ಲವೆ ತಾಮ್ರದ ತಗಡಿನ ಪ್ಯಾನೆಲ್, ಮೇಲೆ ದುಂಡನೆಯ ಟ್ಯಾಂಕು. ನಳಿಕೆಯಲ್ಲಿ ಕಾದ ನೀರು ಹಗುರಾಗಿ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಣ್ಣೀರು ನಳಿಕೆಗೆ ಇಳಿಯುತ್ತದೆ. ನಮ್ಮ ಗುರುಗಳ ನೇರಳೆ ಎಳೆ ಇಲ್ಲಿಯೂ ಓಡಾಡುತ್ತಿದೆ. ಅದಕ್ಕೇ ಟ್ಯಾಂಕು ಯಾವಾಗಲೂ ಪ್ಯಾನೆಲ್‌ಗಿಂತ ಮೇಲೆ ಇರಬೇಕು.

ಗಾಜಿನ ನಳಿಕೆ ಎಂದರೆ ಒಂದರೊಳಗೊಂದು ಎರಡು ನಳಿಕೆ. ನಡುವಿನ ಗಾಳಿ ತೆಗೆದಿರುತ್ತಾರೆ. ಥರ್ಮಾಸ್ ಫ್ಲಾಸ್ಕಿನಲ್ಲಿ ಚಹಾ ಆರದಿರುವುದೂ ಇದೇ ಉಪಾಯದಿಂದ. ನಳಿಕೆಯ ತಳದಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಗುರುತು ಇರುತ್ತದೆ. ಅದು ಬಿಳಿ ಬಣ್ಣಕ್ಕೆ ತಿರುಗಿದರೆ ಒಳಗೆ ಗಾಳಿ ಹೊಕ್ಕಿದೆ, ನಳಿಕೆ ಬದಲಿಸಬೇಕು ಎಂದು ತಿಳಿಯಿರಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ಜಮಖಂಡಿ ಭೂಮಧ್ಯರೇಖೆಯಿಂದ ಉತ್ತರಕ್ಕೆ 16 ಡಿಗ್ರಿ ಚಿಲ್ಲರೆಯಲ್ಲಿದೆ. ಡಿಸೆಂಬರ್ ತಿಂಗಳಲ್ಲಿ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಬಿಸಿನೀರು ಹೆಚ್ಚು ಬೇಕಾಗುವುದು ಆಗಲೇ.

ಇನ್ನು ಟ್ಯಾಂಕಿನ ನೆತ್ತಿಯ ಮೇಲೆ ಒಂದು ಬಡಪಾಯಿ ಪೈಪು ನಿಂತಿರುತ್ತದೆ. ಮೇಲ್ತುದಿ ತೆರೆದಿರುತ್ತದೆ. ಅದರಿಂದ ನೀರು ಬರುವುದಿಲ್ಲ, ಹೋಗುವುದಿಲ್ಲ. ನೋಡಿದವರಿಗೆ ಅದು ಯಾತಕ್ಕೆ ಎಂದು ತಿಳಿಯುವುದಿಲ್ಲ. ನನ್ನ ಕಥೆ ಈ ಪೈಪಿನದು.

ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ನಾನು ಮನೆಗೆ 200 ಲೀಟರಿನ ಸೋಲಾರ್ ಹಾಕಿಸಿದೆ. ಅವ್ವ ಹೊಗೆಯಲ್ಲಿ ಕೂಡುವುದು ತಪ್ಪಲಿ ಎಂಬ ಆಸೆ. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮಾಳಿಗೆಯ ತಣ್ಣೀರಿನ ಟಾಕಿ ಹಳೆಯದಾಯಿತೆಂದು ಅಪ್ಪ ದೊಡ್ಡದೊಂದನ್ನು ತಂದು, ನೀರು ರಭಸವಾಗಿ ಬರಲಿ ಎಂದು ಎತ್ತರದ ಕಟ್ಟೆ ಕಟ್ಟಿಸಿ ಅದರ ಮೇಲೆ ಇಡಿಸಿದರು. ಆಗ ಟಾಕಿಯ ನೀರಿನ ಮಟ್ಟ ಆ ಪೈಪಿನ ತುದಿಗಿಂತ ಮೇಲಾಯಿತು. ನೀರು ತನ್ನ ಮಟ್ಟ ತಾನು ಹುಡುಕುತ್ತದೆ. ಪೈಪಿನಿಂದ ಹಗಲೂ ರಾತ್ರಿ ನೀರು ಸುರಿಯತೊಡಗಿತು. ಪೈಪು ಜೋಡಿಸುವವರು ಬಂದು, "ಕಾಕಾ, ಇದಕ್ಕೊಂದು ಡಮ್ಮಿ ಹಾಕಿಬಿಡ್ತೀನಿ" ಎಂದರು. ಅಪ್ಪ ನನಗೆ ಫೋನ್ ಮಾಡಿ ಕೇಳಿದರು. ನಾನು ಮೀಟಿಂಗಿನಲ್ಲಿದ್ದೆ. "ಹಾಕಿಸಿಬಿಡ್ರಿ ಅಪ್ಪಾ" ಎಂದೆ. ಆ ಮನುಷ್ಯನ ಮೇಲೆ ತಪ್ಪು ಹೊರಿಸಲಾರೆ. ಅವರು ಕೇಳಿದ್ದರು, ಹೂಂ ಎಂದವನು ನಾನು.

ಆ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅಪ್ಪ ಟಾಕಿ ತೊಳೆಯಲು ಮಾಳಿಗೆ ಹತ್ತಿದರು. ಹೊಲಸು ನೀರು ಸೋಲಾರ್‌ಗೆ ಇಳಿಯಬಾರದೆಂದು ತಣ್ಣೀರಿನ ವಾಲ್ವ್ ಬಂದ್ ಮಾಡಿದರು. ಸರಿಯಾದದ್ದನ್ನೇ ಮಾಡಿದರು. ಕೆಳಗೆ ಅವ್ವ ಹಂಡೆ, ಕೊಡ ತೊಳೆಯಲೆಂದು ಬಿಸಿನೀರಿನ ನಲ್ಲಿ ತಿರುವಿದಳು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ಸಿಡಿಲು ಬಡಿದಂಥ ಸಪ್ಪಳ. ಅಪ್ಪನಿಂದ ನಾಲ್ಕು ಮಾರು ದೂರದಲ್ಲಿ ಸೋಲಾರ್ ಟ್ಯಾಂಕು ಒಳಕ್ಕೆ ಕುಸಿದು, ತುಳಿದ ಎಣ್ಣೆ ಡಬ್ಬಿಯ ಹಾಗೆ ಮುದುಡಿ ಬಿದ್ದಿತ್ತು. ಎರಡು ನಳಿಕೆ ಒಡೆದು ಗಾಜು ಚೆಲ್ಲಿತ್ತು. ಅಪ್ಪನಿಗೆ ಏನೂ ಆಗಲಿಲ್ಲ. ದೇವರು ದೊಡ್ಡವನು.

ಏಕೆ ಹೀಗಾಯಿತು? ಕೆಳಗಿನ ನಲ್ಲಿಯಿಂದ ನೀರು ಹೊರಗೆ ಹೋಗುತ್ತಿತ್ತು. ಅದರ ಜಾಗಕ್ಕೆ ತಣ್ಣೀರು ಬರಲು ವಾಲ್ವ್ ಬಂದ್. ಗಾಳಿ ಬರಲು ಪೈಪಿನ ಬಾಯಿ ಬಂದ್. ನಲ್ಲಿ ಟ್ಯಾಂಕಿಗಿಂತ 4 ಮೀಟರ್ ಕೆಳಗಿದ್ದರೆ, ಆ ನೀರಿನ ಕಂಬ ಟ್ಯಾಂಕನ್ನು ಒಳಗಿನಿಂದ ಎಳೆಯುತ್ತದೆ. ಆಗ ಹೊರಗಿನ ಗಾಳಿ ಟ್ಯಾಂಕಿನ ಮೈಯ ಪ್ರತಿ ಚದರ ಮೀಟರಿನ ಮೇಲೆ 4 ಟನ್ ಭಾರ ಹೇರಿದಂತಾಗುತ್ತದೆ. ತೆಳು ತಗಡು ಎಷ್ಟು ತಡೆದೀತು? ಇದರ ಉಲ್ಟಾ ಅಪಾಯವೂ ಇದೆ. ಮನೆಯಲ್ಲಿ ಯಾರೂ ಇಲ್ಲದೆ ನಾಲ್ಕು ದಿನ ಬಿಸಿಲಿಗೆ ನೀರು ಕಾದು ಉಗಿಯಾದರೆ, ಆ ಉಗಿ ಹೊರಗೆ ಹೋಗುವ ದಾರಿಯೂ ಆ ಪೈಪೇ.

ಮರುದಿನ ನಸುಕಿನಲ್ಲಿ ಬೆಂಗಳೂರಿನ ಬಸ್ಸಿಳಿದು ಮನೆಗೆ ಬಂದೆ. ಅಂಗಳದಲ್ಲಿ ಬಂಬ ಹೊಗೆಯಾಡುತ್ತಿತ್ತು. ಅವ್ವ ಅಟ್ಟದಿಂದ ಇಳಿಸಿ, ತೊಳೆದು, ಬಳ್ಳಿ ಸುತ್ತಿ ನೀರು ತುಂಬಿದ್ದಳು. ನಾನು ಅದರ ಮುಂದೆ ಕುಳಿತು ಟ್ಯಾಂಕು ಏಕೆ ಕುಸಿಯಿತೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಅವ್ವ ಎಣ್ಣೆ ಹಚ್ಚುತ್ತ ಅಂದಳು: "ಅಲ್ಲೋ ಯಪ್ಪಾ, ಬಂಬಕ್ಕ ಬಾಯಿ ಇರತೈತಿ, ಹಂಡೇಕ್ಕ ಬಾಯಿ ಇರತೈತಿ. ಆ ಡಬ್ಬಿ ಬಾಯಿ ಮುಚ್ಚಿಸಿದ್ರ ಅದು ಉಸರ ಹೆಂಗ ಆಡಬೇಕು?"

ಅವ್ವ ಓದಿದ್ದು ಮೂರನೇ ಇಯತ್ತೆ. ನಾನು ಬಿ.ಇ.

ಹೊಸ ಟ್ಯಾಂಕು ತಂದು ಕೂಡಿಸಿದೆವು. ಪೈಪಿನ ಬಾಯಿ ಮುಚ್ಚಲಿಲ್ಲ. ಅದನ್ನು ಮೂರು ಅಡಿ ಎತ್ತರಿಸಿ ಟಾಕಿಯ ನೆತ್ತಿಗಿಂತ ಮೇಲೆ ಮಾಡಿದೆವು. ಸುರಿಯುವುದು ನಿಂತಿತು. ಖರ್ಚಾದದ್ದು ಒಂದು ಪೈಪಿನ ತುಂಡು, ಒಂದು ಜಾಯಿಂಟು. ಮೊದಲೇ ಇದನ್ನು ಮಾಡಬಹುದಿತ್ತು.

ಇದಾದ ಕೆಲ ಕಾಲದ ಮೇಲೆ ಕಂಪನಿಯ ಕೆಲಸಕ್ಕೆಂದು ಜರ್ಮನಿಯಲ್ಲಿ ಒಂದು ಚಳಿಗಾಲ ಕಳೆದೆ. ಅಲ್ಲಿ ಸ್ನಾನಕ್ಕಷ್ಟೇ ಅಲ್ಲ, ಮನೆ ಬೆಚ್ಚಗಿಡುವುದಕ್ಕೂ ಬಿಸಿನೀರೇ. ನೆಲಮಾಳಿಗೆಯಲ್ಲಿ ಬಾಯ್ಲರ್, ಅಲ್ಲಿಂದ ಪಂಪು ಬಿಸಿನೀರನ್ನು ಪ್ರತಿ ಕೋಣೆಯ ಕಿಟಕಿ ಕೆಳಗಿನ ಕಬ್ಬಿಣದ ರೇಡಿಯೇಟರ್‌ಗೆ ಕಳಿಸುತ್ತದೆ, ಆರಿದ ನೀರು ಮರಳಿ ಬಾಯ್ಲರ್‌ಗೆ ಬರುತ್ತದೆ. ಒಂದೇ ನೀರು ಸುತ್ತುತ್ತಿರುತ್ತದೆ. ಎಲ್ಲ ಕಡೆ ಮುಚ್ಚಿದ ವ್ಯವಸ್ಥೆ. ಹಾಗಾದರೆ ನೀರು ಹಿಗ್ಗಿದರೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿದೆ. ಮೂಲೆಯಲ್ಲಿ ಕೆಂಪು ಡಬ್ಬಿಯೊಂದಿತ್ತು. ಅದರೊಳಗೆ ರಬ್ಬರಿನ ಪೊರೆ, ಪೊರೆಯ ಆಚೆ ಗಾಳಿ. ಹಿಗ್ಗಿದ ನೀರು ಪೊರೆಯನ್ನು ಒತ್ತಿ ಜಾಗ ಮಾಡಿಕೊಳ್ಳುತ್ತದೆ, ಆರಿದಾಗ ಹಿಂದೆ ಸರಿಯುತ್ತದೆ. ಪಕ್ಕದಲ್ಲೇ ಸೇಫ್ಟಿ ವಾಲ್ವ್. ಅವ್ವ ಹೇಳಿದ ಉಸಿರಾಟವನ್ನು ಅವರು ಬೇರೆ ರೀತಿ ಏರ್ಪಾಡು ಮಾಡಿದ್ದರು. ದೇಶ ಯಾವುದಾದರೂ ಕಾದ ನೀರಿಗೆ ಹಿಗ್ಗಲು ಜಾಗ ಬೇಕೇ ಬೇಕು.

ನಲ್ಲಿ 'ಜುಂ' ಎಂದರೆ

ಆ ದೀಪಾವಳಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅದು ಟ್ಯಾಂಕು ಕುಸಿದದ್ದಕ್ಕಿಂತ ದೊಡ್ಡದು. ಮಳೆಗಾಲಕ್ಕೆಂದು ಬಚ್ಚಲಮನೆಯಲ್ಲಿ ಒಂದು ಗೀಸರ್ ಕೂಡ ಇತ್ತು. ಮಾತಿನ ನಡುವೆ ಅವ್ವ, "ಆ ನಲ್ಲಿ ಮುಟ್ಟಿದ್ರ ಒಮ್ಮೊಮ್ಮೆ ಕೈ ಜುಂ ಅಂತೈತಿ, ಅದಕ್ಕ ನಾ ಚಪ್ಪಲಿ ಹಾಕ್ಕೊಂಡ ಹೋಗ್ತೀನಿ" ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. "ಮಳಿ ಸುರು ಆದಾಗಿಂದ" ಎಂದಳು. ಅಂದರೆ ನಾಲ್ಕು ತಿಂಗಳು. ನನ್ನ ಎದೆ ಧಸಕ್ ಎಂದಿತು.

ಐ.ಟಿ.ಐ. ಓದಿ ಎಲೆಕ್ಟ್ರಿಷಿಯನ್ ಆಗಿರುವ ನಮ್ಮ ತರಗತಿಯ ಗೆಳೆಯನನ್ನು ಕರೆದೆ. ಅವನು ಪ್ಲಗ್ಗಿನ ಪೆಟ್ಟಿಗೆ ಬಿಚ್ಚಿ ತೋರಿಸಿದ. ಮೂರು ತೂತಿನ ಪ್ಲಗ್ಗು ಇತ್ತು, ಆದರೆ ಮೇಲಿನ ದೊಡ್ಡ ತೂತಿಗೆ ತಂತಿಯೇ ಕೂಡಿಸಿರಲಿಲ್ಲ. ಗೀಸರ್‌ನ ಕಾಯಿಲ್ ಸುಣ್ಣ ಕಟ್ಟಿ ಸೀಳಿತ್ತು. ಸೋರಿದ ಕರೆಂಟಿಗೆ ನೆಲಕ್ಕೆ ಹೋಗಲು ದಾರಿ ಇರಲಿಲ್ಲ. ಸಿಕ್ಕ ದಾರಿ ಎಂದರೆ ನೀರು, ನಲ್ಲಿ ಮತ್ತು ನಮ್ಮ ಅವ್ವ.

ಮಕ್ಕಳೇ, ಇದನ್ನು ಗಟ್ಟಿಯಾಗಿ ನೆನಪಿಡಿರಿ. ಅರ್ಥಿಂಗ್ ತಂತಿ ಎಂದರೆ ದಾರಿ ತಪ್ಪಿದ ಕರೆಂಟನ್ನು ನಮ್ಮ ಮೈ ಬಿಟ್ಟು ನೆಲಕ್ಕೆ ಒಯ್ಯುವ ತಂತಿ. ಅದಕ್ಕಾಗಿ ಮನೆಯ ಹಿಂದೆ ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿ ಲೋಹದ ಪೈಪು ಹೂಳಿರುತ್ತಾರೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ. ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಆ ಗುಂಡಿಗೂ ಆಗಾಗ ಒಂದು ಕೊಡ ನೀರು ಹಾಕಬೇಕು. ಮೀಟರ್ ಬೋರ್ಡಿನಲ್ಲಿ ಎಂ.ಸಿ.ಬಿ. ಇದೆ ಎಂದು ಧೈರ್ಯದಿಂದ ಇರಬೇಡಿರಿ. ಅದು ತಂತಿ ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೂ ಕ್ಷಣದೊಳಗೆ ಕಡಿದುಬಿಡುತ್ತದೆ.

ಬಕೆಟ್ಟಿನಲ್ಲಿ ಹೀಟರ್ ರಾಡ್ ಇಳಿಬಿಡುವವರು ನಮ್ಮಲ್ಲಿ ಇನ್ನೂ ಬಹಳ ಇದ್ದಾರೆ. ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಬೇಕು. "ಕಾದೈತೇನು ನೋಡೂನು" ಎಂದು ಬೆರಳು ಅದ್ದಬಾರದು. ಗ್ಯಾಸ್ ಗೀಸರ್ ಇದ್ದವರಿಗೆ ಇನ್ನೊಂದು ಮಾತು. ಗಾಳಿ ಆಡದ ಬಚ್ಚಲಮನೆಯೊಳಗೆ ಅದನ್ನು ಹಾಕಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿ ಬಿದ್ದವರು ಬಾಗಿಲ ಚಿಲಕ ತೆಗೆಯುವಷ್ಟೂ ಶಕ್ತಿ ಉಳಿಯದೆ ಜೀವ ಬಿಟ್ಟಿದ್ದಾರೆ. ಬಂಬವನ್ನು ಹಿರಿಯರು ಹೊರಗೆ, ಇಲ್ಲವೆ ಹೊಗೆಗಿಂಡಿ ಇದ್ದ ಬಚ್ಚಲಲ್ಲಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಇನ್ನು ಸೋಲಾರ್ ನೀರು 60 ಡಿಗ್ರಿ ದಾಟಿ ಬರಬಹುದು. ಕೆಲವೇ ಸೆಕೆಂಡಿನಲ್ಲಿ ಕೂಸಿನ ಮೈ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ಕೊನೆಯ ಮಾತು

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ಇವತ್ತು ಮನೆಗೆ ಹೋಗಿ ನಿಮ್ಮ ಮನೆಯ ಬಿಸಿನೀರಿನ ಚಿತ್ರ ಬರೆಯಿರಿ. ಬಂಬವಾಗಲಿ, ಹಂಡೆಯಾಗಲಿ, ರಾಡ್ ಆಗಲಿ, ಸೋಲಾರ್ ಆಗಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಕಾಯುತ್ತದೆ, ಎಲ್ಲಿಂದ ಹೊರಗೆ ಬೀಳುತ್ತದೆ, ಹಿಗ್ಗಿದರೆ ಎಲ್ಲಿಗೆ ಹೋಗುತ್ತದೆ, ಕರೆಂಟು ಸೋರಿದರೆ ಯಾವ ದಾರಿ ಹಿಡಿಯುತ್ತದೆ: ಈ ಐದು ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಇರಬೇಕು. ಒಂದಕ್ಕೆ ಉತ್ತರ ಸಿಗದಿದ್ದರೂ ಅದನ್ನು ಗುರುಗಳಿಗೆ ತಂದು ತೋರಿಸಿರಿ. ಯಾವ ಪ್ಲಗ್ಗನ್ನೂ ನೀವು ಬಿಚ್ಚಬೇಡಿರಿ. ಅವ್ವನನ್ನು, ಅಜ್ಜಿಯನ್ನು ಒಂದೇ ಮಾತು ಕೇಳಿರಿ: "ನಲ್ಲಿ ಮುಟ್ಟಿದ್ರ ಕೈ ಜುಂ ಅಂತೈತೇನು?" ನಾನು ನಾಲ್ಕು ತಿಂಗಳು ವಾರಕ್ಕೆ ಎರಡು ಸಲ ಫೋನ್ ಮಾಡಿದ್ದೆ. ಊಟ ಆಯಿತೇ, ಆರಾಮ ಇದ್ದೀರೇ ಎಂದು ಕೇಳಿದ್ದೆ. ಇದನ್ನು ಕೇಳಿರಲಿಲ್ಲ.

ನಮ್ಮ ತರಗತಿಯವರು ಒಂದು ನಿರ್ಧಾರ ಮಾಡಿದ್ದೇವೆ. ಮುಂದಿನ ಭಾನುವಾರದಿಂದ ನಾಲ್ಕು ಭಾನುವಾರ, ನಮ್ಮ ಎಲೆಕ್ಟ್ರಿಷಿಯನ್ ಗೆಳೆಯ ಮತ್ತು ಅವನ ಜೊತೆಗಾರರು ಹೆಸರು ಬರೆಸಿದ ಮನೆಗಳಿಗೆ ಹೋಗಿ ಬಚ್ಚಲಮನೆಯ ಅರ್ಥಿಂಗ್ ಪರೀಕ್ಷೆ ಮಾಡುತ್ತಾರೆ. ಅವರ ಕೂಲಿ ನಮ್ಮದು. ಮೊದಲ ದಿನ ಈ ಶಾಲೆಯಿಂದಲೇ ಶುರು. ಬಿಸಿಯೂಟದ ಅಡುಗೆಮನೆ, ನೀರಿನ ಮೋಟಾರು, ಪ್ರಯೋಗಾಲಯ. ಹೆಸರು ಬರೆಸುವ ಪುಸ್ತಕ ಕಾರ್ಯಾಲಯದಲ್ಲಿ ಇದೆ.

ಈ ಶಾಲೆಗೆ ಐವತ್ತು ವರ್ಷ ತುಂಬಿದೆ. ಆ ಪ್ರಯೋಗಾಲಯದ ಕಪಾಟಿನಲ್ಲಿ ಗಾಜಿನ ಬುರುಡೆ ಈಗಲೂ ಇದೆ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಅದರಲ್ಲಿ ಒಂದು ಹರಳು ಬಿಟ್ಟು ತೋರಿಸಿದ ಗುರುಗಳಿಗೆ, ಅದು ಅರ್ಥವಾಗಲು ನನಗೆ ಹದಿನೈದು ವರ್ಷ ಹಿಡಿಯಿತೆಂದು ತಲೆಬಾಗಿ ಒಪ್ಪಿಸಿ, ನನ್ನ ಮಾತು ಮುಗಿಸುತ್ತೇನೆ.